ಊರು ಕೇಳದ ಕಟ್ಟೆ

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ಹೆಸರು ಕೇಳುವುದಿಲ್ಲ. "ಯಾವೂರ್ರಿ?" ಎನ್ನುತ್ತಾರೆ. ಊರು ಹೇಳಿದರೆ "ಯಾರ ಪೈಕಿ?" ಎನ್ನುತ್ತಾರೆ. ಅದನ್ನೂ ಹೇಳಿದಿರೋ, ಇಂಡಿಯಲ್ಲಿ ಹತ್ತಿದ ಬಸ್ಸು ಸಿಂದಗಿ ಮುಟ್ಟುವಷ್ಟರಲ್ಲಿ ನಿಮ್ಮ ಸೋದರತ್ತೆಯ ಬೀಗರು ಯಾರು, ಅವರ ಮನೆಯಲ್ಲಿ ಯಾರಿಗೆ ಸಕ್ಕರೆ ರೋಗ ಎಂಬುದೆಲ್ಲ ಹೊರಗೆ ಬಿದ್ದಿರುತ್ತದೆ. ಊರು ಹೇಳದವರನ್ನು ಯಾರೂ ಬೈಯುವುದಿಲ್ಲ; ಸ್ವಲ್ಪ ಸರಿದು ಕೂರುತ್ತಾರೆ, ಅಷ್ಟೆ. ನಾನೂ ಹೀಗೆ ಕೇಳುತ್ತಲೇ ಬೆಳೆದವಳು. ಆ ಪ್ರಶ್ನೆಗೆ ಹೆದರಿ ಬದುಕುವವರೂ ಇರುತ್ತಾರೆ ಎಂದು ನನಗೆ ಗೊತ್ತಾದದ್ದು ಒಂದು ಸಾಫ್ಟ್‌ವೇರ್‌ ಬದಲಿಸುವಾಗ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಮುದ್ದೇಬಿಹಾಳದ ಬಸ್ ನಿಲ್ದಾಣದ ಹತ್ತಿರ, ಒಂದು ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಾನು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ಕಲಿಯುವವರಿಗೆ ಕ್ಲಾಸು, ಉಳಿದ ಹೊತ್ತು ಬಂದವರಿಗೆ ಇಂಟರ್‌ನೆಟ್ಟು. ಕರೆಂಟು ಇದ್ದಾಗ ಲೈನು ಇರುತ್ತಿರಲಿಲ್ಲ, ಲೈನು ಇದ್ದಾಗ ಕರೆಂಟು ಇರುತ್ತಿರಲಿಲ್ಲ. ಎರಡೂ ಇದ್ದ ಹೊತ್ತಿನಲ್ಲಿ ನಾನು ಒಂದು ಫೋರಂ ಕಟ್ಟಿದೆ. ಒಬ್ಬರು ಒಂದು ಮಾತು ತೆಗೆದರೆ ಉಳಿದವರು ಅದರ ಕೆಳಗೆ ಬರೆಯುತ್ತ ಹೋಗುವ ಜಾಗ ಅದು. ನಾವೆಲ್ಲ ಅದನ್ನು ಕಟ್ಟಿ ಎಂದೇ ಕರೆಯುತ್ತಿದ್ದೆವು, ಊರ ಮುಂದಿನ ಬೇವಿನ ಕಟ್ಟೆಯ ಲೆಕ್ಕದಲ್ಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಂದಿ, ಇಲ್ಲಿಂದ ಸೊಲ್ಲಾಪುರ, ಪುಣೆ, ಗೋವಾಕ್ಕೆ ಹೋಗಿ ನಿಂತವರು ಅಲ್ಲಿ ಬಂದು ಕೂರುತ್ತಿದ್ದರು. ಲಿಂಬೆಯ ಧಾರಣೆ, ಪುಂಡಿ ಪಲ್ಯ ಮಾಡುವ ಬಗೆ, ಹಿನ್ನೀರಿನಲ್ಲಿ ಮುಳುಗಿದ ಹಳೇ ಕೊಲ್ಹಾರದ ಮೊಸರು, ಎಲ್ಲದಕ್ಕೂ ಅಲ್ಲಿ ಜಗಳ ನಡೆಯುತ್ತಿತ್ತು.

ಆ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳಿದ್ದಳು. ಒಂದು ಹಕ್ಕಿಯ ಹೆಸರನ್ನು ತನ್ನ ಸದಸ್ಯ ಹೆಸರಾಗಿ ಇಟ್ಟುಕೊಂಡಿದ್ದಳು. ನಾನೂ ಅವಳನ್ನು ಹಕ್ಕಿ ಎಂದೇ ಕರೆಯುತ್ತೇನೆ, ಬೇರೆ ಹೆಸರು ನನಗೆ ಗೊತ್ತಿಲ್ಲ. ಅವಳು ಊರು ಹೇಳಿದವಳಲ್ಲ, ಯಾರೂ ಒತ್ತಾಯ ಮಾಡಲೂ ಇಲ್ಲ, ಏಕೆಂದರೆ ಅವಳು ಬರೆದರೆ ಓದುತ್ತ ಕೂತುಬಿಡುತ್ತಿದ್ದೆವು. ಒಮ್ಮೆ ಎಳ್ಳಮಾವಾಸ್ಯೆಯ ಚರಗದ ಬಗ್ಗೆ ಬರೆದಳು. ಅಮಾವಾಸ್ಯೆಯ ದಿನ ಹಬ್ಬದ ಅಡುಗೆ ಹೊತ್ತುಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಉಣ್ಣಲೆಂದು ಹೊಲದ ಸುತ್ತ ಅದನ್ನು ಚೆಲ್ಲಿ ಬರುವುದು ಎಲ್ಲರ ಪದ್ಧತಿ. ಅವರ ಹೊಲ ಹಿನ್ನೀರಿನ ಅಡಿಗೆ ಹೋಗಿತ್ತು. ಆದರೂ ಅವರ ತಂದೆ ಬಿಡಲಿಲ್ಲವಂತೆ. ಮೀನುಗಾರರ ದೋಣಿಯಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿ, ಹೊಲದ ಬನ್ನಿಗಿಡದ ಒಣಗಿದ ತುದಿ ನೀರಿನ ಮೇಲೆ ಕಾಣುವಲ್ಲಿಗೆ ಹೋಗಿ, ನೀರಿಗೇ ಚರಗ ಚೆಲ್ಲುತ್ತಿದ್ದರಂತೆ. ಕೊನೆಯ ತುತ್ತು ಮಾತ್ರ ಮನೆಯ ಕಿರಿಯ ಮಗಳದು. ಅವಳು ಬನ್ನಿಗೆ ಬೆನ್ನು ಮಾಡಿ ಕೂತು, ಹೆಗಲ ಮೇಲಿಂದ ಹಿಂದಕ್ಕೆ ಎಸೆಯಬೇಕು. ತಿರುಗಿ ನೋಡಬಾರದು.

ಅದನ್ನು ಓದಿ ಎಷ್ಟೋ ಜನ ಅತ್ತೆವೆಂದು ಬರೆದರು. ಅದನ್ನು ಓದಿದವರಲ್ಲಿ ಅಳದವನೂ ಒಬ್ಬನಿದ್ದ ಎಂಬುದು ಆಗ ತಿಳಿಯಲಿಲ್ಲ.

ಮುಂದೆ ನಮ್ಮ ಹಳೆಯ ಸಾಫ್ಟ್‌ವೇರ್‌ ಕುಂಟತೊಡಗಿತು. ಕನ್ನಡ ಅಕ್ಷರ ಹಾಕಿದರೆ ಚೌಕಗಳು ಮೂಡುತ್ತಿದ್ದವು, ಎಲ್ಲಿಂದಲೋ ಹಾಳುಮೂಳು ಜಾಹೀರಾತು ನುಗ್ಗುತ್ತಿತ್ತು. ಹೊಸ ದೊಡ್ಡ ಆವೃತ್ತಿಗೆ ಹೋಗದೆ ಗತಿಯಿರಲಿಲ್ಲ. ಹೊಸದರಲ್ಲಿ ಸೌಲಭ್ಯಗಳು ಹೇರಳ; ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ಮೊದಲೇ ತೀರ್ಮಾನಿಸಿ ಕೂರಬೇಕಿತ್ತು. ಕಟ್ಟೆಯನ್ನು ನೋಡಿಕೊಳ್ಳುತ್ತಿದ್ದವರು ಮೂವರು: ನಾನು, ಇಂಡಿಯ ಒಬ್ಬ ಲಿಂಬೆ ವ್ಯಾಪಾರಿ, ಸಿಂದಗಿಯಲ್ಲಿ ಔಷಧ ಅಂಗಡಿ ಇಟ್ಟಿದ್ದ ಒಬ್ಬರು. ಮೂವರಿಗೂ ಅಷ್ಟಿಷ್ಟು ನಡುವೆ ಬೀಳುತ್ತದೆಂದು ಬಾಗೇವಾಡಿಯ ಒಂದು ಖಾನಾವಳಿಯಲ್ಲಿ ಸೇರುತ್ತಿದ್ದೆವು. ರೊಟ್ಟಿ, ಹಿಂಡಿ ಚಟ್ನಿ, ಮೊಸರು ಮುಗಿಯುವವರೆಗೆ ಊರ ಉಸಾಬರಿ. ಕೈ ತೊಳೆದ ಮೇಲೆ ಕೆಲಸದ ಮಾತು.

ಮೊದಲ ಸಭೆಯಲ್ಲೇ ವ್ಯಾಪಾರಿಗಳು ಒಂದು ಸೌಲಭ್ಯವನ್ನು ಎದೆಗೆ ಅವಚಿಕೊಂಡು ಬಂದಿದ್ದರು. ಯಾರೇ ಬರೆದರೂ ಅವರ ಹೆಸರಿನ ಕೆಳಗೆ ಅವರ ಊರು, ಈಗ ಎಲ್ಲಿಂದ ಬರೆಯುತ್ತಿದ್ದಾರೆ ಎಂಬುದು, ತಾನಾಗಿಯೇ ಕಾಣಿಸಬೇಕು.

"ಊರ ಹೇಳದವ್ರು ಕಟ್ಟಿ ಮ್ಯಾಲ ಯಾಕ ಕುಂದರಬೇಕ್ರಿ?" ಎಂದರು. "ಮನಿಗೆ ಬಂದವ್ರಿಗೆ ನೀರ ಕೊಟ್ಟ ಕೂಡ್ಲೆ ಅದನ್ನ ಕೇಳೂದಿಲ್ಲೇನು ನಾವು?"

ಔಷಧ ಅಂಗಡಿಯವರು ಮಿತಭಾಷಿ. ಪ್ರತಿ ಸದಸ್ಯರು ಕೊನೆಯ ಸಲ ಯಾವಾಗ ಬಂದು ಹೋದರು ಎಂಬ ತಾರೀಖು ಇದ್ದರೆ ಸಾಕು ಎಂದರು. ಖಾಯಂ ಬರುವವರು ಒಮ್ಮೆಲೇ ಬರುವುದು ನಿಲ್ಲಿಸಿದರೆ ವಿಚಾರಿಸಬೇಕು, ಅಂಗಡಿಯಲ್ಲಿ ತಾವು ಹಾಗೇ ಮಾಡುವುದು ಎಂದರು. ನಾನು ಇಬ್ಬರಿಗೂ ತಲೆಯಾಡಿಸಿದೆ. ಸದಸ್ಯರನ್ನೇ ಕೇಳೋಣ ಎಂದು ಕಟ್ಟೆಯ ಮೇಲೆ ಮತಕ್ಕೆ ಹಾಕಿದೆವು. ಊರು ತೋರಿಸುವ ಸೌಲಭ್ಯಕ್ಕೆ ಮತಗಳು ಮೇಲಿಂದ ಮೇಲೆ ಬಿದ್ದವು. ವ್ಯಾಪಾರಿಗಳು ಫೋನು ಮಾಡಿ ನಕ್ಕಿದ್ದೇ ನಕ್ಕಿದ್ದು.

ಅದೇ ವಾರ ಹಕ್ಕಿ ನನಗೊಬ್ಬಳಿಗೇ ಕಾಣುವಂತೆ ಬರೆದಳು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಆಗ ಎಲ್ಲರೂ ಹಾಗೇ ಬರೆಯುತ್ತಿದ್ದೆವು. "ಅಕ್ಕಾರ, ಊರ ಹಾಕಬ್ಯಾಡ್ರಿ. ನಾ ಬ್ಯಾರೆ ಜಾತಿಯವರನ್ನ ಮದುವಿ ಆಗಿ ಮನಿ ಬಿಟ್ಟು ಬಂದಾಕಿ. ನಮ್ಮ ಅಣ್ಣ ಹುಡಕಾಕತ್ತಾನ. ಸಿಕ್ಕರ ಇಬ್ಬರನ್ನೂ ಉಳಿಸೂದಿಲ್ಲ ಅಂತ ದೇವರ ಮುಂದ ನಿಂತು ಹೇಳ್ಯಾನ. ಅಂವ ಹೇಳಿದ್ದ ಬಿಡಾಂವಲ್ಲ. ಇಲ್ಲಿ ನಮ್ಮ ಮಾತ ಕೇಳಾಕ ಅಷ್ಟ ಬರ್ತೇನಿ."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಪೊಲೀಸರಿಗೆ ಹೇಳು ಎಂದು ಬರೆದೆ. ಪೊಲೀಸರು ಮೊದಲು ಕೇಳುವುದೂ ಊರನ್ನೇ, ಆಮೇಲೆ ಊರಿಗೇ ಫೋನು ಮಾಡುತ್ತಾರೆ ಎಂದು ಉತ್ತರ ಬಂತು.

ಆಗ ನನಗೆ ಆ ಮತಗಳ ಮೇಲೆ ಗುಮಾನಿ ಬಂತು. ಹೊಸ ಹೊಸ ಸದಸ್ಯರು, ಒಂದು ಸಾಲನ್ನೂ ಬರೆಯದವರು, ಊರು ತೋರಿಸಿ ಎಂದು ಮತ ಹಾಕಿ ಸುಮ್ಮನಾಗಿದ್ದರು. ಯಾರು ಯಾವ ಕಂಪ್ಯೂಟರಿನ ಜಾಲದಿಂದ ಬಂದರು ಎಂಬ ಗುರುತನ್ನು ಹಳೆಯ ಸಾಫ್ಟ್‌ವೇರ್‌ ಇಟ್ಟುಕೊಳ್ಳುತ್ತಿತ್ತು; ನಡೆಸುವವರು ಮಾತ್ರ ನೋಡಬಹುದಿತ್ತು. ತೆಗೆದು ನೋಡಿದೆ. ಆ ಹೊಸಬರೆಲ್ಲ ಒಂದೇ ಕಡೆಯಿಂದ ಬಂದಿದ್ದರು. ಆ ಗುರುತು ನನಗೆ ಎಲ್ಲೋ ನೋಡಿದಂತಿತ್ತು. ನೋಡಿದಂತಿರುವುದೇನು ಬಂತು, ಅದು ನನ್ನದೇ. ನನ್ನ ಮಹಡಿಯ ಮೇಲೆ, ನಾನು ಕೂರುವ ಕುರ್ಚಿಯ ಹಿಂದೆ ಗೋಡೆಗುಂಟ ಇದ್ದ ಕಂಪ್ಯೂಟರುಗಳಲ್ಲೊಂದರಿಂದ ಯಾರೋ ಆ ಮತಗಳನ್ನೆಲ್ಲ ಹಾಕಿದ್ದರು. ಅವತ್ತಿನಿಂದ ನನ್ನದೇ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂರುವುದನ್ನು ಬಿಟ್ಟೆ.

ಬರುವವರ ಮುಖಗಳನ್ನು ನೋಡುತ್ತ ಹೋದೆ. ಕಾಲೇಜಿನ ಹುಡುಗಿಯರು, ನೌಕರಿಯ ಅರ್ಜಿ ತುಂಬುವವರು, ಎಪಿಎಂಸಿಯ ಗುಮಾಸ್ತರು. ಎಲ್ಲರೂ ಕಳ್ಳರಂತೆ ಕಾಣತೊಡಗಿದರು. ಒಬ್ಬನ ಮೇಲೆ ಮಾತ್ರ ನನಗೆ ಸಂಶಯ ಬರಲಿಲ್ಲ. ಮೂವತ್ತು ದಾಟಿದ, ಹೊಲಮನೆ ಇರುವ ಮನುಷ್ಯ; ಲೆಕ್ಕಪತ್ರದ ಕ್ಲಾಸಿಗೆ ಸೇರಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲುದನಿ, ಒಳಗೆ ಬರುವಾಗ ಚಪ್ಪಲಿಯನ್ನು ಜೋಡಿಸಿಟ್ಟು ಬರುತ್ತಿದ್ದ. ನನಗಿಂತ ದೊಡ್ಡವನಾದರೂ ಅಕ್ಕಾರ ಎನ್ನುತ್ತಿದ್ದ. ಇಷ್ಟು ಮರ್ಯಾದೆಯ ವಿದ್ಯಾರ್ಥಿ ನನಗೆ ಇನ್ನೊಬ್ಬ ಸಿಕ್ಕಿರಲಿಲ್ಲ.

ಎಳ್ಳಮಾವಾಸ್ಯೆ ಬಂತು. ಮರುದಿನ ಬೆಳಿಗ್ಗೆ ಅವನು ನನಗೆ ಹಬ್ಬದ ಅಡುಗೆ ತಂದ. ಸ್ಟೀಲಿನ ಡಬ್ಬಿಯಲ್ಲಿ ಕಡಬು, ಭಜ್ಜಿ ಪಲ್ಯ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ. ಗುರುಮನೆಗೆ ಮುಟ್ಟಿಸದೆ ತಾವು ಹಬ್ಬ ಮುಗಿಸುವುದಿಲ್ಲ ಎಂದ. ನಾನು ಖುಷಿಯಿಂದ ರೊಟ್ಟಿ ಮುರಿಯುತ್ತ, ಹೊಲದಲ್ಲಿ ಚರಗ ಚೆನ್ನಾಗಿ ಆಯಿತೇ ಎಂದು ಕೇಳಿದೆ.

"ಹೊಲ ಎಲ್ಲೈತ್ರಿ ಅಕ್ಕಾರ, ನೀರಾಗೈತಿ," ಎಂದ. "ನಾವು ದೋಣ್ಯಾಗ ಹೋಗಿ ನೀರಿಗೆ ಚೆಲ್ಲಿ ಬರ್ತೇವಿ. ಬನ್ನಿಗಿಡದ ತುದಿ ಇನ್ನೂ ಕಾಣತೈತಿ."

ರೊಟ್ಟಿ ನನ್ನ ಬಾಯಲ್ಲೇ ಉಳಿಯಿತು.

"ಕಡೀ ತುತ್ತ ಮಾತ್ರ ಈಗೀಗ ಉಳದಬಿಡತೈತ್ರಿ," ಎಂದು ಅದೇ ಮೆಲುದನಿಯಲ್ಲಿ ಮುಂದುವರಿಸಿದ. "ಅದನ್ನ ಒಗಿಯಾಕಿ ಮನ್ಯಾಗಿಲ್ಲ. ಬ್ಯಾರೆಯವರು ಒಗದ್ರ ನಡಿಯೂದಿಲ್ಲ. ಹಂಗ ವಾಪಸ್ ತರ್ತೇವಿ."

ಹೇಳುತ್ತ ನನ್ನ ಮುಖವನ್ನೇ ನೋಡುತ್ತಿದ್ದ. ಅವನು ತಿಳಿಯದೆ ಹೇಳಿದನೋ, ನನ್ನನ್ನು ತೂಗಿ ನೋಡಲೆಂದೇ ಹೇಳಿದನೋ ಇವತ್ತಿಗೂ ನಾನು ನಿರ್ಧರಿಸಲಾರೆ. ಬಾಯಲ್ಲಿ ಬೆಲ್ಲ, ಕರುಳಲ್ಲಿ ಕತ್ತರಿ ಎಂಬ ಗಾದೆಯನ್ನು ಎಷ್ಟೋ ಸಲ ಆಡಿದ್ದೆ. ಅಂಥವನೊಬ್ಬ ಎದುರಿಗೆ ಕೂತು ಇನ್ನೊಂದು ಹೋಳಿಗೆ ಹಾಕಿಕೊಳ್ಳಿ ಎಂದಾಗ ಹೇಗಿರುತ್ತದೆಂದು ಅವತ್ತು ತಿಳಿಯಿತು. ನಾನು ಹಾಕಿಕೊಂಡೆ. ಹಾಕಿಕೊಳ್ಳದಿದ್ದರೆ ನನಗೆ ತಿಳಿದಿದೆ ಎಂದು ಅವನಿಗೆ ತಿಳಿಯುತ್ತಿತ್ತು. ಖಾಲಿ ಡಬ್ಬಿ ಕೊಡಬಾರದೆಂದು ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ವಾಪಸು ಕೊಟ್ಟೆ. ಅವನು ಲೆಕ್ಕಪತ್ರ ಕಲಿಯಲು ಬಂದಿರಲಿಲ್ಲ, ಕಟ್ಟೆ ನಡೆಸುವವಳು ಎಂಥವಳೆಂದು ಕಲಿಯಲು ಬಂದಿದ್ದ.

ಹಕ್ಕಿ ತಾನು ಬರೆದ ಚರಗದಿಂದಲೇ ಅಣ್ಣನ ಕಣ್ಣಿಗೆ ಬಿದ್ದಿದ್ದಳು. ಅಣ್ಣ ತಾನು ಹೇಳಿದ ಚರಗದಿಂದಲೇ ನನ್ನ ಕಣ್ಣಿಗೆ ಬಿದ್ದ. ಇಬ್ಬರಿಗೂ ಆ ನೀರನ್ನು ಬಿಟ್ಟು ಮಾತಾಡಲು ಬರುತ್ತಿರಲಿಲ್ಲ.

ಅವಳಿಗೆ ಎಲ್ಲವನ್ನೂ ಬರೆದೆ. ಉತ್ತರ ತಡವಾಗಿ ಬಂತು. "ಅವನ ಮೈ ಸರಿ ಐತೇನ್ರಿ?" ಎಂದು ಮೊದಲು ಕೇಳಿದ್ದಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು. ಆಮೇಲೆ ಬರೆದಿದ್ದಳು: "ನಾ ಇನ್ನ ಬರಿಯೂದಿಲ್ರಿ. ಹೊಸದ್ರಾಗ ಊರ ತೋರ್ಸೂದ ತಗೀರಿ, ಯಾವ ಕಂಪ್ಯೂಟರಿನಿಂದ ಬಂದ್ರು ಅಂತ ಇಟಗೊಳ್ಳೂದೂ ತಗೀರಿ. ಕಡಿಗೆ ಬಂದ ತಾರೀಖ ಒಂದ ನಿಮಗಷ್ಟ ಕಾಣಂಗ ಇಡ್ರಿ. ವರ್ಷಕ್ಕೊಮ್ಮೆ ಎಳ್ಳಮಾಸಿ ದಿನ ಬಂದು ಹೋಗ್ತೇನಿ. ನಾ ಅದೇನಿ ಅಂತ ನಮ್ಮ ಕಡೆಯವ್ರು ಒಬ್ಬರಿಗರೆ ಗೊತ್ತಿರ್ಲಿ."

ಎರಡನೆಯ ಸಭೆಗೆ ಬಾಗೇವಾಡಿಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕದ ಮುದುಕಿ "ಯಾವೂರವ್ವ?" ಎಂದಾಗ ನಾನು ಸುಳ್ಳು ಊರು ಹೇಳಿದೆ. ಯಾಕೆ ಹೇಳಿದೆನೋ. ಅಭ್ಯಾಸ ಮಾಡಿ ನೋಡಿದೆ ಎಂದುಕೊಳ್ಳಿ. ಮುದುಕಿ ಆ ಊರಿನ ಇನ್ನೊಬ್ಬರ ಹೆಸರು ತೆಗೆದಾಗ ಬೆವರಿಬಿಟ್ಟೆ. ಹಕ್ಕಿ ದಿನಾ ಹೀಗೆ ಬೆವರುತ್ತಾಳಲ್ಲ ಎನ್ನಿಸಿತು.

ಖಾನಾವಳಿಯಲ್ಲಿ ವ್ಯಾಪಾರಿಗಳು ಹುರುಪಿನಲ್ಲಿದ್ದರು. ಮತ ಗೆದ್ದಿದೆ, ಇನ್ನೇನು ಮಾತು ಎಂದರು. ಊರು ತೋರಿಸುವುದಿಲ್ಲ ಎಂದೆ. ಯಾಕೆ ಎಂದರು. ಕಾರಣ ಹೇಳಿದರೆ ಹಕ್ಕಿಯ ಗುಟ್ಟು ಆ ಮೇಜಿನ ಮೇಲೆ ಬೀಳುತ್ತಿತ್ತು; ವ್ಯಾಪಾರಿಗಳ ಬಾಯಿಗೆ ಬಿದ್ದದ್ದು ಸಂಜೆಗೆ ಇಂಡಿಯ ಲಿಂಬೆ ಮೂಟೆಗಳ ಜೊತೆ ಊರೂರಿಗೆ ಹೋಗುತ್ತಿತ್ತು. ಅವರು ಕೆಟ್ಟವರಲ್ಲ, ಆದರೆ ಬಾಯಿಗೆ ಬೀಗ ಇಲ್ಲದ ಒಳ್ಳೆಯವರು. ಹಾಗಾಗಿ ಕಾರಣವಿಲ್ಲದೆ ಹಟ ಹಿಡಿದೆ.

"ಮಂದಿ ಬೇಕಂತಾರ, ನೀವೊಬ್ಬರ ಬ್ಯಾಡಂತೀರಿ. ಇದ್ಯಾವ ನ್ಯಾಯ?" ಎಂದರು ವ್ಯಾಪಾರಿ.

"ಕುಂತು ಮಾಡಾಕಿ ನಾನ್ರಿ. ಬೇಕಾದವ್ರು ಬ್ಯಾರೆ ಕಟ್ಟಿ ಕಟಗೊಳ್ಳಲಿ," ಎಂದೆ.

ಔಷಧ ಅಂಗಡಿಯವರು ಮೊಸರಿನ ಬಟ್ಟಲನ್ನು ಬೆರಳಿನಿಂದ ತಿರುಗಿಸುತ್ತ ಕೂತಿದ್ದರು. ಕೊನೆಗೆ, "ಅಂಗಡಿಗೆ ಬಂದವ್ರು ಕೆಲವೊಂದು ಔಷಧ ಕಾಗದದಾಗ ಸುತ್ತಿ ಕೊಡ್ರಿ ಅಂತಾರ," ಎಂದರು. "ಯಾಕಂತ ನಾ ಕೇಳೂದಿಲ್ಲ. ಇದನ್ನೂ ಸುತ್ತಿ ಕೊಡೂಣ." ವ್ಯಾಪಾರಿಗಳು ಎದ್ದು ಹೋದರು. ಆಮೇಲೆ ಸಭೆಗೂ ಬರಲಿಲ್ಲ, ಕಟ್ಟೆಗೂ ಬರಲಿಲ್ಲ. ಅವರ ಲಿಂಬೆಯ ಜಗಳಗಳಿಲ್ಲದೆ ಕಟ್ಟೆ ಅರ್ಧ ಬರಿದಾಯಿತು. ಅದರ ಬೇಸರ ನನಗಿದೆ.

ಹೊಸ ಆವೃತ್ತಿಯಲ್ಲಿ ಊರು ಇರಲಿಲ್ಲ. ಯಾರು ಯಾವ ಜಾಲದಿಂದ ಬಂದರು ಎಂಬ ಗುರುತನ್ನು ಇಟ್ಟುಕೊಳ್ಳುವುದನ್ನೇ ತೆಗೆದೆ, ಹಳೆಯದೆಲ್ಲವನ್ನೂ ಅಳಿಸಿದೆ. ಚರಗದ ಬರಹವನ್ನೂ ತೆಗೆದೆ. ಕೊನೆಗೆ ಬಂದ ತಾರೀಖು ಮಾತ್ರ ನನ್ನ ಕಣ್ಣಿಗಷ್ಟೇ ಕಾಣುವಂತೆ ಉಳಿಯಿತು. ಹೊಸದು ಶುರುವಾದ ದಿನವೇ ಮಧ್ಯಾಹ್ನ ಹಕ್ಕಿಯ ಅಣ್ಣ ಬಂದು, ಗೋಡೆಗುಂಟದ ಕಂಪ್ಯೂಟರಿನಲ್ಲಿ ಹೊಸ ಕಟ್ಟೆಯನ್ನು ತೆರೆದು ಬಹಳ ಹೊತ್ತು ನೋಡಿದ. ಈ ಸಲ ಮುಚ್ಚಿಡಲೂ ಇಲ್ಲ.

"ಊರ ತೋರ್ಸೂದ ಬಿಟ್ಟ್ರೇನ್ರಿ ಅಕ್ಕಾರ?"

"ಹೌದು."

"ಇರ್ಲಿ ಬಿಡ್ರಿ. ಹೇಳದಿದ್ದ್ರೂ ಎಲ್ಲಾರಿಗೂ ಒಂದೊಂದ ಊರ ಇದ್ದ ಇರತೈತಿ." ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದು ಹೋದ. ಕ್ಲಾಸಿಗೆ ಮತ್ತೆ ಬರಲಿಲ್ಲ.

ಆದರೆ ಮುಂದಿನ ಎಳ್ಳಮಾವಾಸ್ಯೆಯ ಮರುದಿನ ಬಂದ. ಅದೇ ಡಬ್ಬಿ, ಅದರ ಜೊತೆಗೆ ಎಲೆಯಲ್ಲಿ ಸುತ್ತಿದ ಒಂದು ಪುಟ್ಟ ಪೊಟ್ಟಣ. "ಇದು ಕಡೀ ತುತ್ತ್ರಿ," ಎಂದ. "ಯಾರದೈತಿ ಅವ್ರಿಗೆ ಮುಟ್ಟಸ್ರಿ." ನನಗೆ ತಿಳಿದಿದೆ ಎಂದು ಅವನಿಗೆ ತಿಳಿದಿತ್ತು. ನಾನು ಏನೂ ಅರ್ಥವಾಗದವಳ ಹಾಗೆ ಇಸಿದುಕೊಂಡೆ. ಅವನು ಹೋದ ಮೇಲೆ ಮಾಳಿಗೆಯ ಮೇಲಿಡಲು ಹೋದೆ. ಕಾಗೆ ಬಂದು ಕೂತದ್ದು ನೋಡಿ ಗಾಬರಿಯಿಂದ ವಾಪಸು ತಂದೆ. ಕಾಗೆಗೆ ತುತ್ತಿಡುವುದು ಸತ್ತವರ ಹೆಸರಿನಲ್ಲಿ. ಕೊನೆಗೆ ಬೀದಿಯ ಬೇವಿನ ಗಿಡದ ಬುಡದಲ್ಲಿ ಮಣ್ಣು ಕೆದರಿ ಹೂತು ಬಂದೆ. ಬಂದು ಕಂಪ್ಯೂಟರ್ ತೆರೆದೆ. ಹಕ್ಕಿಯ ಹೆಸರಿನ ಮುಂದೆ ನಿನ್ನೆಯ ತಾರೀಖು ಇತ್ತು.

ಹೀಗೇ ಕೆಲವು ವರ್ಷ ನಡೆಯಿತು. ಅಮಾವಾಸ್ಯೆಯ ದಿನ ಅವಳು ಒಂದಕ್ಷರ ಬರೆಯದೆ ಬಂದು ಹೋಗುತ್ತಿದ್ದಳು, ಮರುದಿನ ಅವನು ತುತ್ತು ತಂದು ಕೊಡುತ್ತಿದ್ದ. ಆ ತುತ್ತಿನಲ್ಲಿ ಇದ್ದದ್ದು ತಂಗಿಯ ಮೇಲಿನ ಜೀವವೋ, ತಾನು ಇನ್ನೂ ಹುಡುಕುತ್ತಿದ್ದೇನೆ ಎಂಬ ಸಂದೇಶವೋ, ಎರಡೂ ಕಲಸಿದ್ದೋ ತಿಳಿಯುತ್ತಿರಲಿಲ್ಲ. ಅವನು ಬರುತ್ತಿದ್ದಾನೆ ಎಂದರೆ ಅವಳು ಇನ್ನೂ ಸಿಕ್ಕಿಲ್ಲ ಎಂದು ನಾನು ಲೆಕ್ಕ ಹಾಕಿಕೊಳ್ಳುತ್ತಿದ್ದೆ. ಅವನ ದಾರಿ ಕಾಯುವಂಥ ಸ್ಥಿತಿ ನನ್ನದಾಯಿತು. ಕಟ್ಟೆಯ ಮೇಲೆ ಜನ ಕಡಿಮೆಯಾಗುತ್ತ ಬಂದರು, ಕ್ಲಾಸಿಗೂ ಜನ ಕಡಿಮೆಯಾದರು. ನಾನು ಮಾತ್ರ ಅದನ್ನು ಮುಚ್ಚಲಿಲ್ಲ.

ಒಂದು ವರ್ಷ ಅವನು ಡಬ್ಬಿ ತಂದಿಟ್ಟ. ನನ್ನ ಕಣ್ಣು ಅವನ ಇನ್ನೊಂದು ಕೈಯನ್ನು ಹುಡುಕಿತು. ಅದು ಖಾಲಿಯಿತ್ತು.

"ಕಡೀ ತುತ್ತು?" ಎಂದು ನಾನೇ ಕೇಳಿಬಿಟ್ಟೆ. ಅಷ್ಟು ವರ್ಷ ಕಟ್ಟಿಕೊಂಡಿದ್ದ ಬಾಯಿ ಅವತ್ತು ನಿಲ್ಲಲಿಲ್ಲ.

"ಈ ವರ್ಷ ಉಳೀಲಿಲ್ರಿ ಅಕ್ಕಾರ. ಒಗದ್ವಿ."

"ಯಾರು ಒಗದ್ರು?"

ಅವನು ಚಪ್ಪಲಿ ಮೆಟ್ಟುತ್ತಿದ್ದ. "ಇನ್ನ ಮುಂದ ನಿಮಗ ತ್ರಾಸ ಇಲ್ರಿ," ಎಂದಷ್ಟೇ ಹೇಳಿ ಇಳಿದು ಹೋದ. ಡಬ್ಬಿಗಾಗಿ ಕಾಯಲಿಲ್ಲ.

ಡಬ್ಬಿ ತೆರೆಯದೆ ಕಂಪ್ಯೂಟರಿನ ಮುಂದೆ ಕೂತೆ. ಹಕ್ಕಿಯ ಹೆಸರಿನ ಮುಂದೆ ಹಿಂದಿನ ವರ್ಷದ ಅಮಾವಾಸ್ಯೆಯ ತಾರೀಖು ಇತ್ತು. ಪುಟವನ್ನು ಮುಚ್ಚಿ ಮತ್ತೆ ತೆರೆದೆ. ವಾರ ಕಾದೆ, ತಿಂಗಳು ಕಾದೆ. ಅವಳ ಮೇಲ್‌ ವಿಳಾಸಕ್ಕೆ ಬರೆದದ್ದಕ್ಕೆ ಉತ್ತರ ಬರಲಿಲ್ಲ.

ಅವಳು ಮನೆಗೆ ಬಂದು, ದೋಣಿಯಲ್ಲಿ ಬನ್ನಿಗೆ ಬೆನ್ನು ಮಾಡಿ ಕೂತು, ತನ್ನ ತುತ್ತನ್ನು ತಾನೇ ಎಸೆದಿರಬಹುದು. ಹಾಗಿದ್ದರೆ ಇನ್ನು ಕಟ್ಟೆಗೆ ಬರುವ ಅಗತ್ಯ ಅವಳಿಗೇನಿದೆ. ದಿನದ ಹೊತ್ತಿನಲ್ಲಿ ನಾನು ಹಾಗೆಂದೇ ನಂಬುತ್ತೇನೆ. ಆದರೆ ಬೇರೆಯವರು ಎಸೆದರೆ ನಡೆಯುವುದಿಲ್ಲ ಎಂದು ಅವನೇ ಹೇಳಿದ್ದ. ಎಸೆಯಬೇಕಾದವಳೇ ಇಲ್ಲವೆಂದಾದರೆ ಆ ಕಟ್ಟಳೆಯೂ ಇರುವುದಿಲ್ಲವಲ್ಲ ಎಂಬ ಯೋಚನೆ ಬಂದಾಗ ನನಗೆ ಕೂರಲಾಗುವುದಿಲ್ಲ. ಹಿನ್ನೀರಿನ ದಡದ ಕೊಲ್ಹಾರದ ಕಡೆ ಹೋಗಿ ವಿಚಾರಿಸೋಣವೆಂದರೆ, ಪೊಲೀಸರ ಹತ್ತಿರ ಹೋಗೋಣವೆಂದರೆ, ಯಾರ ಹೆಸರು ಹೇಳಿ ಕೇಳಲಿ? ಅವನು ಕ್ಲಾಸಿಗೆ ಕೊಟ್ಟಿದ್ದ ಹೆಸರಿನವರು ಅಲ್ಲಿ ಯಾರೂ ಇಲ್ಲವೆಂದು ಔಷಧ ಅಂಗಡಿಯವರು, ಯಾಕೆಂದು ನನ್ನನ್ನು ಕೇಳದೆ, ಎಂದೋ ವಿಚಾರಿಸಿ ಬಂದಿದ್ದರು. ಅವಳು ಇದ್ದದ್ದು ಯಾವ ಊರಿನಲ್ಲಿ ಎಂದು ಹುಡುಕೋಣವೆಂದರೆ, ಆ ಗುರುತುಗಳನ್ನೆಲ್ಲ ನನ್ನ ಕೈಯಾರೆ ಅಳಿಸಿ, ಮುಂದೆಂದೂ ಉಳಿಯದಂತೆ ಮಾಡಿದವಳು ನಾನು. ಅವನಿಗೆಂದು ಹಾಕಿದ ಬಾಗಿಲು ನನಗೂ ಹಾಕಿಕೊಂಡಿತ್ತು. ಇವತ್ತು ಮತ್ತೆ ತೀರ್ಮಾನಿಸು ಎಂದರೂ ಅದನ್ನೇ ಮಾಡುತ್ತೇನೆ, ಮತ್ತೆ ಹೀಗೇ ನರಳುತ್ತೇನೆ.

ಡಬ್ಬಿ ನನ್ನ ಅಡುಗೆಮನೆಯ ಫಳಿಯ ಮೇಲಿದೆ. ಒಂದು ಹಿಡಿ ಸಕ್ಕರೆ ಹಾಕಿಟ್ಟಿದ್ದೇನೆ. ಇರುವೆ ಮುತ್ತಿದಾಗ ಚೆಲ್ಲಿ ಬೇರೆ ಹಾಕುತ್ತೇನೆ. ಅದನ್ನು ಕೇಳಿಕೊಂಡು ಯಾರೂ ಬಂದಿಲ್ಲ. ಕಟ್ಟೆಯ ಮೇಲೆ ಈಗ ಯಾರೂ ಕೂರುವುದಿಲ್ಲ, ಆದರೂ ನಡೆಸುತ್ತಿದ್ದೇನೆ. ಪ್ರತಿ ಎಳ್ಳಮಾವಾಸ್ಯೆಯ ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತೆರೆದು ನೋಡುತ್ತೇನೆ. ತಾರೀಖು ಅದೇ ಇದೆ.